ಮೈ ತಣ್ಣಗಾದಾಗ ಒಳಗಿನ ಬಿಸಿ ಎಷ್ಟು?

ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯುವ ಥಿಯೇಟರಿನಲ್ಲಿ ಮಾನಿಟರ್ ನೋಡಿದರೆ ಒಬ್ಬನೇ ರೋಗಿಗೆ ಎರಡು, ಕೆಲವೊಮ್ಮೆ ಮೂರು ತಾಪಮಾನ ಕಾಣಿಸುತ್ತವೆ. ಮೂಗಿನೊಳಗಿನ ಪ್ರೋಬ್ (ತಾಪ ಅಳೆಯುವ ತಂತಿ) 36 ಡಿಗ್ರಿ ಸೆಲ್ಸಿಯಸ್ ಎನ್ನುತ್ತಿರುತ್ತದೆ, ಅದೇ ಹೊತ್ತಿಗೆ ಮೂತ್ರಕೋಶದ ಪ್ರೋಬ್ 32 ಎನ್ನುತ್ತಿರುತ್ತದೆ. ಯಾವ ಪ್ರೋಬೂ ಕೆಟ್ಟಿಲ್ಲ, ಎರಡೂ ಹೇಳುವುದು ನಿಜ. ಆ ಮನುಷ್ಯನ ಮೈಯಲ್ಲಿ ಆ ಗಳಿಗೆಗೆ ನಾಲ್ಕು ಡಿಗ್ರಿಯ ಅಂತರದಲ್ಲಿ ಎರಡು ಹವೆಗಳಿವೆ, ಅಷ್ಟೆ.

ಮನೆಯಲ್ಲಿ ಜ್ವರ ನೋಡುವಾಗ ಇಂಥ ಗೊಂದಲವಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಒಂದು ಅಂಕಿ ಬರುತ್ತದೆ, ಅದು ಸಾಕಾಗುತ್ತದೆ. ಏಕೆಂದರೆ ಎಚ್ಚರವಾಗಿರುವ ಮೈ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಂಡಿರುತ್ತದೆ. ಚಳಿಯಾದರೆ ಚರ್ಮದ ರಕ್ತನಾಳಗಳನ್ನು ಬಿಗಿಮಾಡಿ, ನಡುಗಿ ಬಿಸಿ ಉಳಿಸಿಕೊಳ್ಳುತ್ತದೆ. ಸೆಕೆಯಾದರೆ ಬೆವರುತ್ತದೆ. ಅರಿವಳಿಕೆ ಕೊಟ್ಟ ಕೂಡಲೇ ಈ ಹಿಡಿತ ಸಡಿಲವಾಗುತ್ತದೆ. ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿದ ಮೇಲಂತೂ ರೋಗಿಯ ಬಿಸಿ ಅವನ ಕೈಯಲ್ಲಿಲ್ಲ, ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ಕೈಯಲ್ಲಿದೆ. ರಕ್ತ ಮೈಯಿಂದ ಹೊರಬಂದು, ಯಂತ್ರದಲ್ಲಿ ತಣ್ಣಗಾಗಿ ಇಲ್ಲವೇ ಬಿಸಿಯಾಗಿ ವಾಪಸು ಹೋಗುತ್ತದೆ. ರಕ್ತ ಧಾರಾಳವಾಗಿ ಹರಿಯುವ ಮಿದುಳು, ಮೂತ್ರಪಿಂಡಗಳು ಬೇಗ ತಣ್ಣಗಾಗಿ ಬೇಗ ಬಿಸಿಯಾಗುತ್ತವೆ. ತೊಡೆಯ ಮಾಂಸ, ಹೊಟ್ಟೆಯ ಕೊಬ್ಬು ನಿಧಾನವಾಗಿ ಹಿಂದಿನಿಂದ ಬರುತ್ತವೆ.

ಬೇಕೆಂದೇ ಮೈ ತಣ್ಣಗೆ ಮಾಡುವುದು ಮಿದುಳನ್ನು ಕಾಪಾಡುವುದಕ್ಕಾಗಿ. ಒಂದು ಡಿಗ್ರಿ ಇಳಿದರೆ ಮಿದುಳಿಗೆ ಬೇಕಾದ ಆಮ್ಲಜನಕ ನೂರಕ್ಕೆ ಆರೇಳು ಪಾಲು ಕಡಿಮೆಯಾಗುತ್ತದೆ. 37 ಡಿಗ್ರಿಯಲ್ಲಿ ರಕ್ತ ನಿಂತರೆ ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. 18 ಡಿಗ್ರಿಗೆ ಇಳಿಸಿದ್ದರೆ ಸುಮಾರು ಅರ್ಧ ಗಂಟೆಯ ಬಿಡುವು ಸಿಗುತ್ತದೆ. ಮಹಾಪಧಮನಿಯ ಕಮಾನು ಹರಿದವರಿಗೆ, ಹುಟ್ಟಿನಿಂದಲೇ ಹೃದಯದ ರಚನೆ ತಪ್ಪಿರುವ ಎಳೆಯ ಕೂಸುಗಳಿಗೆ ಆ ಅರ್ಧ ಗಂಟೆಯೇ ಜೀವ.

ಈ ವಿದ್ಯೆ ಕೆನಡಾದ ಚಳಿಯಲ್ಲಿ ಹುಟ್ಟಿತು. ಟೊರಾಂಟೊದ ಶಸ್ತ್ರವೈದ್ಯ ವಿಲ್ಫ್ರೆಡ್ ಬಿಗೆಲೋ ಹಿಮಕ್ಕೆ ಸಿಕ್ಕಿ ಕೊಳೆತ ಬೆರಳುಗಳನ್ನು ಕತ್ತರಿಸುತ್ತಿದ್ದವರು. ಚಳಿ ಜೀವಕೋಶದ ಹಸಿವನ್ನು ಕಡಿಮೆ ಮಾಡುತ್ತದೆ ಎಂಬ ಯೋಚನೆ ಹಿಡಿದು ನಾಯಿಗಳ ಮೇಲೆ ಪ್ರಯೋಗ ಮಾಡಿ 1950ರಲ್ಲಿ ಪ್ರಕಟಿಸಿದರು. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಮತ್ತು ಸಂಗಡಿಗರು ಐದು ವರ್ಷದ ಹುಡುಗಿಯೊಬ್ಬಳನ್ನು ತಣ್ಣನೆಯ ದ್ರವ ಹರಿಯುವ ಹೊದಿಕೆಗಳಲ್ಲಿ ಸುತ್ತಿ 28 ಡಿಗ್ರಿಗೆ ಇಳಿಸಿದರು. ಹೃದಯಕ್ಕೆ ಬರುವ ರಕ್ತವನ್ನು ಐದೂವರೆ ನಿಮಿಷ ತಡೆದು, ಮೇಲಿನ ಎರಡು ಕೋಣೆಗಳ ನಡುವಿನ ತೂತನ್ನು ಕಣ್ಣಾರೆ ನೋಡಿ ಹೊಲಿದರು. ಮಗು ಉಳಿಯಿತು. ಹೃದಯ-ಶ್ವಾಸಕೋಶ ಯಂತ್ರವನ್ನು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಮೊದಲ ಸಲ ಯಶಸ್ವಿಯಾಗಿ ಬಳಸಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಂದರೆ ಹೃದಯವನ್ನು ತೆರೆಯಲು ಯಂತ್ರಕ್ಕಿಂತ ಮೊದಲು ಕೈಹಿಡಿದದ್ದು ಚಳಿ. ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ಶಸ್ತ್ರವೈದ್ಯ ಮೆಶಾಲ್ಕಿನ್ ಅವರ ತಂಡವಂತೂ ಯಂತ್ರವಿಲ್ಲದೆ, ತಲೆಗೂ ಮೈಗೂ ಮಂಜುಗಡ್ಡೆ ಒತ್ತಿ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿಯನ್ನು ದಶಕಗಳ ಕಾಲ ನಡೆಸಿತು. ಆಳವಾಗಿ ತಣ್ಣಗೆ ಮಾಡಿ ರಕ್ತಸಂಚಾರವನ್ನೇ ನಿಲ್ಲಿಸಿ ಮಹಾಪಧಮನಿಯ ಕಮಾನು ಬದಲಿಸುವ ಕ್ರಮ 1975ರಲ್ಲಿ ರ‍್ಯಾಂಡಲ್ ಗ್ರೀಪ್ ಅವರ ಪ್ರಕಟಣೆಯ ನಂತರ ನೆಲೆಗೊಂಡಿತು.

ಲೂಯಿಸ್ 28ರ ಆಸುಪಾಸಿಗೇ ನಿಂತದ್ದಕ್ಕೆ ಕಾರಣವಿದೆ. ಅಲ್ಲಿಂದ ಕೆಳಗಿಳಿದರೆ ಹೃದಯ ಲಯ ತಪ್ಪಿ ಅದುರಲು ಶುರುಮಾಡುವ ಅಪಾಯ ಏರುತ್ತದೆ. ಆಗಿನ ಕಾಲದಲ್ಲಿ ಯಂತ್ರದ ಆಸರೆ ಇಲ್ಲ, ಅದುರಿದರೆ ಮುಗಿಯಿತು. ಇನ್ನೊಂದೆಡೆ, ಸಾಕಷ್ಟು ತಣ್ಣಗಾಗದೆ ರಕ್ತ ತಡೆದರೆ ಮಿದುಳು ಹೋಗುತ್ತದೆ. ಕೆಲವೇ ಡಿಗ್ರಿಗಳ ಇಕ್ಕಟ್ಟಿನ ದಾರಿ ಅದು. ಚಳಿ ಕೊಡುವ ವಿದ್ಯೆಗೂ ಚಳಿ ಅಳೆಯುವ ವಿದ್ಯೆಗೂ ಅಂದಿನಿಂದಲೇ ಬಿಡಿಸಲಾಗದ ನಂಟು.

ಅಳೆಯುವುದು ಎಲ್ಲಿ? ಹೃದಯ ಶಸ್ತ್ರಚಿಕಿತ್ಸೆಗೆ ವೈದ್ಯರು ಒಪ್ಪಿಕೊಂಡ ಜಾಗಗಳೆಲ್ಲ ಮೈಯೊಳಗೇ ಇವೆ. ಎಲ್ಲಕ್ಕಿಂತ ಮೇಲಿನದು ಶ್ವಾಸಕೋಶದ ಅಪಧಮನಿ. ಇಡೀ ಮೈ ಸುತ್ತಿ ಬಂದ ರಕ್ತ ಅಲ್ಲಿ ಬೆರೆತು ಹರಿಯುತ್ತದೆ. ಆದರೆ ಅಲ್ಲಿಗೆ ಪ್ರೋಬ್ ಮುಟ್ಟಿಸಬೇಕಾದರೆ ಕತ್ತಿನ ದೊಡ್ಡ ಅಭಿಧಮನಿಯಿಂದ ಕೊಳವೆ ಇಳಿಸಿ, ಹೃದಯದ ಮೂಲಕವೇ ಹಾಯಿಸಬೇಕು. ಎರಡನೆಯದು ಅನ್ನನಾಳದ ಕೆಳಭಾಗ, ಹೃದಯದ ಬೆನ್ನಿಗೇ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಆ ಜಾಗಕ್ಕೆ ಅನ್ನನಾಳದ ಎಕೋ ಯಂತ್ರವೂ ಪೈಪೋಟಿಗೆ ಬರುತ್ತದೆ. ಮೂರನೆಯದು ಮೂಗಿನ ಹಿಂಭಾಗ. ಮಿದುಳಿನ ಬುಡಕ್ಕೆ ಹತ್ತಿರವಾದ್ದರಿಂದ ಇದಕ್ಕೆ ಬೆಲೆ ಹೆಚ್ಚು. ಜೆಲ್ಲಿ ಸವರಿದ ತೆಳ್ಳನೆಯ ತಂತಿಯನ್ನು ಮೂಗಿನ ಹೊಳ್ಳೆಯಿಂದ ಹತ್ತು ಸೆಂಟಿಮೀಟರಿಗೂ ಒಳಕ್ಕೆ ತೂರಿಸುತ್ತಾರೆ. ಕೈ ಎಷ್ಟೇ ನಯವಾಗಿದ್ದರೂ ಅಲ್ಲಿನ ಪೊರೆ ತೀರಾ ನವಿರು. ಯಂತ್ರಕ್ಕೆ ಹಾಕುವ ಮುನ್ನ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಟ್ಟಿರುತ್ತಾರಲ್ಲ, ಪೊರೆ ಗೀರಿದ್ದರೆ ಮೂಗಿನಿಂದ ಒಸರುವ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ಮೂತ್ರಕೋಶ, ಗುದದ್ವಾರಗಳಲ್ಲಿ ಪ್ರೋಬ್ ಇಡುವುದು ಸಲೀಸು. ಆದರೆ ತಾಪಮಾನ ಬೇಗ ಬೇಗ ಬದಲಾಗುವಾಗ ಅವು ಹಿಂದೆ ಬೀಳುತ್ತವೆ. ಮೂತ್ರ ಕಡಿಮೆಯಾದರೆ ಮೂತ್ರಕೋಶದ ಅಂಕಿ ಇನ್ನಷ್ಟು ಹಿಂದೆ.

ಈ ಹಿಂದೆ ಬೀಳುವಿಕೆ ಎಷ್ಟು ಮುಖ್ಯ ಎನ್ನುವುದು ಬಿಸಿ ಮಾಡುವಾಗ ಗೊತ್ತಾಗುತ್ತದೆ. ತಣ್ಣಗೆ ಮಾಡುವುದಕ್ಕಿಂತ ಮರಳಿ ಬಿಸಿ ಮಾಡುವ ಹೊತ್ತು ಹೆಚ್ಚು ನಾಜೂಕಿನದು. ಹೊಲಿಗೆ ಮುಗಿದಿದೆ, ಎಲ್ಲರಿಗೂ ದಣಿವಾಗಿದೆ, ಬೇಗ ಬಿಸಿ ಮಾಡಿ ಯಂತ್ರ ಬಿಡಿಸೋಣ ಎಂಬ ಒತ್ತಡ ಸಹಜ. ಯಂತ್ರದಿಂದ ಹೊರಟ ಬಿಸಿ ರಕ್ತ ಮಹಾಪಧಮನಿಗೆ ಸೇರುವ ಜಾಗದಿಂದ ಮಿದುಳಿಗೆ ಹೋಗುವ ಕವಲುಗಳು ಕೂಗಳತೆಯಲ್ಲಿವೆ. ಆದ್ದರಿಂದ ಅತಿ ಬಿಸಿ ರಕ್ತದ ಮೊದಲ ಪಾಲು ಮಿದುಳಿಗೇ. ಮೂತ್ರಕೋಶದ ಅಂಕಿ 37 ಮುಟ್ಟಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಮಿದುಳು 38, 39ಕ್ಕೆ ಏರಿರಬಹುದು. ಚಳಿಯಿಂದ ಕಾಪಾಡಿದ ಅಂಗವನ್ನು ಕೊನೆಯ ಹಂತದಲ್ಲಿ ನಾವೇ ಜ್ವರಕ್ಕೆ ದೂಡಿದಂತೆ. ಅಮೆರಿಕದ ಹೃದಯ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು ಮತ್ತು ಪರ್ಫ್ಯೂಷನಿಸ್ಟರ ಸಂಘಗಳು 2015ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ: ಯಂತ್ರದಿಂದ ಹೊರಡುವ ರಕ್ತದ ಬಿಸಿಯನ್ನೇ ಮಿದುಳಿನ ಬಿಸಿ ಎಂದು ತಿಳಿಯಿರಿ, ಅದನ್ನು 37 ದಾಟಲು ಬಿಡಬೇಡಿ. 30 ಡಿಗ್ರಿ ದಾಟಿದ ಮೇಲೆ ನಿಮಿಷಕ್ಕೆ ಅರ್ಧ ಡಿಗ್ರಿಗಿಂತ ವೇಗವಾಗಿ ಏರಿಸಬೇಡಿ.

ಅವಸರಕ್ಕೆ ಇನ್ನೊಂದು ದಂಡವೂ ಇದೆ. ಮಿದುಳು, ಹೃದಯ ಬಿಸಿಯಾಗಿದ್ದು ತೊಡೆ, ತೋಳು ಇನ್ನೂ ತಣ್ಣಗಿರುವಾಗಲೇ ಯಂತ್ರ ಬಿಡಿಸಿದರೆ, ಐಸಿಯು ಸೇರುವಷ್ಟರಲ್ಲಿ ಒಳಗಿನ ಬಿಸಿ ಹೊರಮೈಗೆ ಹರಿದು ಮತ್ತೆ ಒಂದೆರಡು ಡಿಗ್ರಿ ಕುಸಿಯುತ್ತದೆ. ರೋಗಿ ನಡುಗುತ್ತಾನೆ. ನಡುಕಕ್ಕೆ ಆಮ್ಲಜನಕ ಬೇಕು. ಆಗತಾನೆ ಹೊಲಿಸಿಕೊಂಡ ಹೃದಯದ ಮೇಲೆ ಆ ಹೊರೆ ಬೀಳುತ್ತದೆ.

ಇಷ್ಟೆಲ್ಲ ಸಲಕರಣೆ ಒಳಕ್ಕೆ ತೂರಿಸದೆ ಹೊರಗಿನಿಂದಲೇ ಒಳಗಿನ ಬಿಸಿ ತಿಳಿಯಲಾಗದೇ? 2020ರಲ್ಲಿ ನಮ್ಮ ಅಂಗಡಿ, ಕಚೇರಿ, ಕಲ್ಯಾಣಮಂಟಪಗಳ ಬಾಗಿಲಲ್ಲಿ ಹಣೆಗೆ ಗುರಿಯಿಟ್ಟ ಪಿಸ್ತೂಲಿನಾಕಾರದ ಥರ್ಮಾಮೀಟರುಗಳು ಎಲ್ಲರಿಗೂ ನೆನಪಿರುತ್ತವೆ. ಅವು ಓದುವುದು ಚರ್ಮ ಸೂಸುವ ಅವಕೆಂಪು ಕಿರಣವನ್ನು. ಒಳಗಿನ ಬಿಸಿಯನ್ನು ಅವು ನೋಡುವುದಿಲ್ಲ, ಚರ್ಮದ ಅಂಕಿಗೆ ಒಂದಿಷ್ಟು ಕೂಡಿಸಿ ಅಂದಾಜು ಹೇಳುತ್ತವೆ. ಬಿಸಿಲಲ್ಲಿ ನಡೆದು ಬಂದವರಿಗೂ ಎ.ಸಿ. ಕಾರಿನಿಂದ ಇಳಿದವರಿಗೂ ಅಂಕಿ ಬೇರೆ ಬೇರೆ ಬರುತ್ತಿದ್ದುದು ಅದಕ್ಕೇ. ಥಿಯೇಟರಿನ ತಣ್ಣನೆಯ ಗಾಳಿಯಲ್ಲಿ ಮಲಗಿ, ರಕ್ತನಾಳ ಬಿಗಿದುಕೊಂಡಿರುವ ರೋಗಿಯ ಚರ್ಮ ಒಳಗಿನ ಸಂಗತಿಯನ್ನು ಹೇಳುವ ಸ್ಥಿತಿಯಲ್ಲೇ ಇರುವುದಿಲ್ಲ.

ಈ ಚರ್ಮದಿಂದಲೇ ನಿಜ ಹೇಳಿಸುವ ಉಪಾಯವನ್ನು 1971ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು, ಫಾಕ್ಸ್ ಮತ್ತು ಸೋಲ್ಮನ್, ಪ್ರಕಟಿಸಿದರು. ಅದರ ಸರಳತೆ ನೋಡಿದರೆ ನನಗೆ ಇವತ್ತಿಗೂ ಬೆರಗು. ಒಳಮೈ ಬಿಸಿ, ಹೊರಗಿನ ಗಾಳಿ ತಂಪು, ಹಾಗಾಗಿ ಶಾಖ ಚರ್ಮದ ಮೂಲಕ ಸದಾ ಹೊರಕ್ಕೆ ಹರಿಯುತ್ತಿರುತ್ತದೆ. ಹೀಗೆ ಹರಿದು ಕಳೆದುಹೋಗುವುದರಿಂದಲೇ ಚರ್ಮದ ಅಂಕಿ ಒಳಗಿನದಕ್ಕಿಂತ ಕಡಿಮೆ. ಹರಿವನ್ನೇ ನಿಲ್ಲಿಸಿಬಿಟ್ಟರೆ? ತೂಬಿನಿಂದ ಕೂಡಿದ ಎರಡು ಕೆರೆಗಳಲ್ಲಿ ನೀರಿನ ಮಟ್ಟ ಒಂದೇ ಆದಾಗ ತೂಬಿನಲ್ಲಿ ಹರಿವು ನಿಲ್ಲುತ್ತದೆ. ಆಗ ಈಚೆಯ ಕೆರೆಯ ಮಟ್ಟ ನೋಡಿಯೇ ಆಚೆಯದನ್ನು ಹೇಳಬಹುದು. ಅವರು ಮಾಡಿದ್ದು ಇದನ್ನೇ. ಚರ್ಮಕ್ಕೆ ಅಂಟಿದಂತೆ ಒಂದು ತಾಪಸಂವೇದಕ, ಅದರ ಮೇಲೆ ಶಾಖ ತಡೆಯುವ ಪದರ, ಪದರದ ಮೇಲೆ ಇನ್ನೊಂದು ಸಂವೇದಕ, ಎಲ್ಲಕ್ಕೂ ಮೇಲೆ ಪುಟ್ಟ ಹೀಟರ್. ಎರಡು ಸಂವೇದಕಗಳ ಅಂಕಿ ಒಂದಾಗುವವರೆಗೆ ಹೀಟರ್ ಬಿಸಿ ಮಾಡುತ್ತ ಹೋಗುತ್ತದೆ. ಒಂದಾದರೆ ಪದರದಲ್ಲಿ ಶಾಖದ ಹರಿವು ಸೊನ್ನೆ ಎಂದರ್ಥ. ಕೆಲವು ನಿಮಿಷಗಳಲ್ಲಿ ಪಟ್ಟಿಯ ಕೆಳಗಿನ ಚರ್ಮ ಒಂದೆರಡು ಸೆಂಟಿಮೀಟರ್ ಆಳದ ಬಿಸಿಗೆ ಸಮನಾಗಿ ನಿಲ್ಲುತ್ತದೆ. ಅಂದರೆ ಒಳಮೈಯ ಬಿಸಿಯನ್ನು ಚರ್ಮದವರೆಗೆ ಕರೆತಂದು ಓದಿದಂತಾಯಿತು.

ಜಪಾನಿನಲ್ಲಿ ತೊಗಾವ ಮತ್ತಿತರರು 1970ರ ದಶಕದಲ್ಲೇ ಇದನ್ನು ತಿದ್ದಿ ಸುಧಾರಿಸಿದರು. ಟೆರುಮೋ ಕಂಪನಿ ‘ಕೋರ್‌ಟೆಂಪ್’ ಹೆಸರಿನಲ್ಲಿ ಯಂತ್ರ ತಂದಿತು. ಬರ್ಲಿನ್ನಿನ ಶಾರಿಟೇ ಆಸ್ಪತ್ರೆಯ ಹಾನ್ಸ್-ಕ್ರಿಸ್ಟಿಯಾನ್ ಗುಂಗಾ ಅವರ ತಂಡ ಡ್ರೇಗರ್ ಕಂಪನಿಯ ಜೊತೆ ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ಹೀಟರ್ ಇಲ್ಲ. ಎರಡು ಸಂವೇದಕಗಳ ಅಂಕಿಯ ವ್ಯತ್ಯಾಸದಿಂದ ಎಷ್ಟು ಶಾಖ ಹೊರಗೆ ಹೋಗುತ್ತಿದೆ ಎಂದು ಲೆಕ್ಕಹಾಕಿ ಒಳಗಿನದನ್ನು ಊಹಿಸುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳ ಹಣೆಗೂ ಆ ಸಂವೇದಕ ಏರಿತು. ತಿಂಗಳುಗಟ್ಟಲೆ ಅಲ್ಲಿರುವವರ ಒಳಮೈ ಸುಮಾರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಎಂದು 2017ರಲ್ಲಿ ಲೋಕಕ್ಕೆ ತಿಳಿದದ್ದು ಅದರಿಂದಲೇ. ಇತ್ತೀಚಿನ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 3ಎಂ ಕಂಪನಿ ತಂದ, ಫಾಕ್ಸ್-ಸೋಲ್ಮನ್ ತತ್ವದ ‘ಸ್ಪಾಟ್‌ಆನ್’.

ಇದನ್ನು ಬಳಸುವ ಬಗೆ ಹೀಗೆ. ಹುಬ್ಬಿನ ಮೇಲೆ, ಹಣೆಯ ಒಂದು ಪಕ್ಕದಲ್ಲಿ ಬೆವರು, ಎಣ್ಣೆ ಒರೆಸಿ, ಹಿಂಬದಿಯ ಕಾಗದ ಕಿತ್ತು ಮೆತ್ತನೆಯ ಪಟ್ಟಿಯನ್ನು ಅಂಚಿನವರೆಗೂ ಒತ್ತಿ ಅಂಟಿಸುತ್ತಾರೆ. ಎಲ್ಲೂ ಗಾಳಿ ನುಸುಳಬಾರದು. ಪಟ್ಟಿಯಿಂದ ಒಂದು ತಂತಿ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ಮಾನಿಟರಿಗೆ. ಹಣೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಅಲ್ಲಿ ಕೊಬ್ಬಿನ ಪದರ ತೆಳು, ರಕ್ತದ ಓಡಾಟ ಹೆಚ್ಚು. ಹುಬ್ಬಿನ ಮೇಲಿನ ರಕ್ತನಾಳಗಳು ಮಿದುಳಿಗೆ ಹೋಗುವ ಒಳಗಿನ ಕ್ಯಾರೊಟಿಡ್ ಅಪಧಮನಿಯಿಂದಲೇ ಕವಲೊಡೆದು, ಕಣ್ಣಿನ ಗೂಡಿನ ಮೂಲಕ ಹೊರಬಂದವು. ಹಣೆಯ ಬಿಸಿಗೂ ಮಿದುಳಿನ ಬಿಸಿಗೂ ಹೀಗೆ ರಕ್ತಸಂಬಂಧವಿದೆ.

ಹಾಗಾದರೆ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಮೂಗಿನ ತಂತಿ ತೆಗೆದು ಹಣೆಗೆ ಪಟ್ಟಿ ಅಂಟಿಸಿದರೆ ಆಯಿತಲ್ಲ? ಇಲ್ಲೇ ಎಚ್ಚರ ಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ತಂಡ 2014ರಲ್ಲಿ ಹೃದಯ ಶಸ್ತ್ರಚಿಕಿತ್ಸೆಯ 105 ರೋಗಿಗಳಲ್ಲಿ ಹಣೆಯ ಪಟ್ಟಿಯನ್ನು ಶ್ವಾಸಕೋಶದ ಅಪಧಮನಿಯ ಅಂಕಿಯ ಜೊತೆ ಹೋಲಿಸಿತು. ಸರಾಸರಿ ವ್ಯತ್ಯಾಸ ಕಾಲು ಡಿಗ್ರಿಯ ಆಸುಪಾಸು. ಹೆಚ್ಚಿನ ಅಂಕಿಗಳು ಅರ್ಧ ಡಿಗ್ರಿಯ ಒಳಗೇ ಇದ್ದವು, ಎಲ್ಲವೂ ಅಲ್ಲ. ಚರ್ಮದ ಮೇಲಿನ ಪಟ್ಟಿಯೊಂದಕ್ಕೆ ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಯಂತ್ರ ಓಡುತ್ತಿರುವಾಗ ಶ್ವಾಸಕೋಶದ ಅಪಧಮನಿಯಲ್ಲಿ ರಕ್ತವೇ ಹರಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಆ ಅಳತೆಗೋಲು ಕೈಕೊಡುತ್ತದೆ. ಯಂತ್ರ ಓಡುವಾಗಲೂ ಹೋಲಿಸಿ ನೋಡಿದ ಇತರ ಅಧ್ಯಯನಗಳಲ್ಲಿ ಹಣೆಯ ಅಂಕಿಗೂ ಒಳಗಿನ ಅಂಕಿಗೂ ಅಂತರ ಹಿಗ್ಗಿತು.

ಹಿಗ್ಗಲೇಬೇಕು, ಕಾರಣ ತತ್ವದಲ್ಲೇ ಇದೆ. ಹೀಟರ್ ಬಿಸಿ ಕೊಡಬಲ್ಲುದೇ ಹೊರತು ತಂಪು ಕೊಡಲಾರದು. ಯಂತ್ರ ನಿಮಿಷ ನಿಮಿಷಕ್ಕೂ ರಕ್ತವನ್ನು ತಣ್ಣಗೆ ಮಾಡುತ್ತ ಹೋಗುವಾಗ, ಪಟ್ಟಿ ಮತ್ತು ಅದರಡಿಯ ಚರ್ಮ ತಾವಾಗಿ ಬಿಸಿ ಕಳೆದುಕೊಂಡು ಇಳಿಯಬೇಕು. ಮೇಲೆ ಶಾಖ ತಡೆಯುವ ಹೊದಿಕೆ ಬೇರೆ ಇದೆ. ಇಳಿಯಲು ಹೊತ್ತು ಹಿಡಿಯುತ್ತದೆ. ಇನ್ನು ರೋಗಿಯನ್ನು 18 ಡಿಗ್ರಿಗೆ ಇಳಿಸಿ ಥಿಯೇಟರಿನ ಗಾಳಿ 20 ಡಿಗ್ರಿ ಇದ್ದರೆ ಶಾಖ ತಿರುಗಿ ಹೊರಗಿನಿಂದ ಒಳಕ್ಕೆ ಹರಿಯುತ್ತದೆ. ಅದನ್ನು ತಡೆಯುವ ಉಪಾಯ ಈ ಪಟ್ಟಿಯಲ್ಲಿಲ್ಲ. ಸ್ಪಾಟ್‌ಆನ್ ತೋರಿಸುವ ವ್ಯಾಪ್ತಿಯೇ 25ರಿಂದ 43 ಡಿಗ್ರಿ. ಬೆಂಗಳೂರಿನ ಜಯದೇವ, ನಾರಾಯಣ ಹೃದಯಾಲಯಗಳಂಥ ಆಸ್ಪತ್ರೆಗಳೇ ಆಗಲಿ, ಬೇರೆಲ್ಲೇ ಆಗಲಿ, ಆಳವಾದ ಚಳಿಯ ಶಸ್ತ್ರಚಿಕಿತ್ಸೆಗೆ ಮೂಗಿನ ತಂತಿಯೂ ಯಂತ್ರದ ರಕ್ತದ ಅಂಕಿಯೂ ಬೇಕೇ ಬೇಕು. ಅಲ್ಲಿ ಹಣೆಯ ಪಟ್ಟಿ ಜೊತೆಗಾರ ಆಗಬಹುದು, ಒಡೆಯನಾಗುವುದು ಸಲ್ಲ. ಯಂತ್ರ ಬಿಡಿಸಿ ಐಸಿಯುಗೆ ಬಂದ ಮೇಲೆ, ಬಿಸಿ ನಿಧಾನವಾಗಿ ಏರಿಳಿಯುವ ಆ ಗಂಟೆಗಳಲ್ಲಿ, ಅದು ಕೆಲಸಕ್ಕೆ ಬರುತ್ತದೆ.

ಆದರೆ ಶಸ್ತ್ರಚಿಕಿತ್ಸೆಯಲ್ಲಿ ತಣ್ಣಗಾಗುವವರು ಹೃದಯದ ರೋಗಿಗಳು ಮಾತ್ರವಲ್ಲ. ಅವರನ್ನು ಬೇಕೆಂದೇ ತಣ್ಣಗೆ ಮಾಡುತ್ತಾರೆ, ಒಬ್ಬರಾದರೂ ಕಣ್ಣಿಟ್ಟಿರುತ್ತಾರೆ. ಹರ್ನಿಯಾಕ್ಕೆ, ಮೂಳೆಗೆ, ಗರ್ಭಕೋಶಕ್ಕೆ, ಸಿಸೇರಿಯನ್‌ಗೆ ಹೋದವರು ಯಾರಿಗೂ ಬೇಡದೆ ತಣ್ಣಗಾಗುತ್ತಾರೆ. ಅರಿವಳಿಕೆ ಹಿಡಿದ ಮೊದಲ ಒಂದು ಗಂಟೆಯಲ್ಲೇ ಒಳಮೈ ಒಂದು, ಒಂದೂವರೆ ಡಿಗ್ರಿ ಇಳಿಯಬಹುದು. ಇದರಲ್ಲಿ ಬಹುಪಾಲು ಬಿಸಿ ಹೊರಗೆ ಹೋದದ್ದಲ್ಲ, ಬಿಗಿದಿದ್ದ ರಕ್ತನಾಳ ಸಡಿಲಗೊಂಡು ಒಳಗಿನಿಂದ ಕೈಕಾಲಿಗೆ ಹರಿದದ್ದು. ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಔಷಧಿಗಳ ಪ್ರಭಾವ ಬೇಗ ಇಳಿಯುವುದಿಲ್ಲ. 1996ರಲ್ಲಿ ಕುರ್ಟ್ಸ್, ಸೆಸ್ಲರ್, ಲೆನ್‌ಹಾರ್ಟ್ ಪ್ರಕಟಿಸಿದ ಆಸ್ಟ್ರಿಯಾದ ಅಧ್ಯಯನದಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ 200 ರೋಗಿಗಳಿದ್ದರು. ಮೈ ಬೆಚ್ಚಗೆ ಇಟ್ಟವರಲ್ಲಿ ನೂರಕ್ಕೆ 6 ಮಂದಿಗೆ ಗಾಯ ಕೀವಾದರೆ, ಸುಮಾರು 34.7ಕ್ಕೆ ಇಳಿದವರಲ್ಲಿ 19 ಮಂದಿಗೆ ಕೀವಾಯಿತು. ಬಹುಮಟ್ಟಿಗೆ ಚೀನಾದಲ್ಲಿ ನಡೆದು 2022ರಲ್ಲಿ ಹೊರಬಂದ ‘ಪ್ರೊಟೆಕ್ಟ್’ ಎಂಬ ದೊಡ್ಡ ಪರೀಕ್ಷೆ 5,000ಕ್ಕೂ ಹೆಚ್ಚು ರೋಗಿಗಳಲ್ಲಿ 35.5 ಮತ್ತು 37 ಡಿಗ್ರಿಗಳನ್ನು ಹೋಲಿಸಿ, ಹೃದಯದ ತೊಂದರೆಯಲ್ಲಾಗಲೀ ಗಾಯದ ಸೋಂಕಿನಲ್ಲಾಗಲೀ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದಿತು. ಇದನ್ನು ಓದಿ ‘ಹಾಗಾದರೆ ಚಿಂತೆಯಿಲ್ಲ’ ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. 35.5 ಪರವಾಗಿಲ್ಲ, 34.7 ಬೇಡ ಎಂದಾದರೆ ನಡುವೆ ಇರುವುದು ಒಂದು ಡಿಗ್ರಿಗೂ ಕಡಿಮೆ. ಅಷ್ಟು ಸಣ್ಣ ಅಂತರವನ್ನು ಕೈಯಿಂದ ಮುಟ್ಟಿ ತಿಳಿಯಲಾಗದು, ಅಳೆಯಲೇಬೇಕು.

ಅಳೆಯುತ್ತಾರೆಯೇ? ಯುರೋಪಿನ 17 ದೇಶಗಳ ಆಸ್ಪತ್ರೆಗಳ ಸಮೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲಿ ಒಬ್ಬ ರೋಗಿಗೆ ಮಾತ್ರ ತಾಪಮಾನ ನೋಡಿದ್ದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆಯಲ್ಲಿ ಇನ್ನೂ ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ಎಚ್ಚರವಾಗಿರುವವರ ಗಂಟಲಿಗೆ ಅಥವಾ ಮೂಗಿಗೆ ತಂತಿ ಇಳಿಸುವುದು ಹೇಗೆ?

ನಮ್ಮಲ್ಲಿ ಸಿಸೇರಿಯನ್ ಆಗುವುದು ಹೆಚ್ಚಾಗಿ ಈ ಅರಿವಳಿಕೆಯಲ್ಲೇ. ‘ಆಪರೇಷನ್ ಆದಮೇಲೆ ಗಡಗಡ ನಡುಗಿಬಿಟ್ಟೆ, ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ’ ಎನ್ನುವ ಬಾಣಂತಿಯರ ಮಾತು ಕೇಳದ ಮನೆ ಕಡಿಮೆ. ಈ ಅರಿವಳಿಕೆಯ ಒಂದು ಮೋಸವೆಂದರೆ, ಕಾಲುಗಳ ರಕ್ತನಾಳ ಸಡಿಲಗೊಂಡು ಚರ್ಮ ಬೆಚ್ಚಗಾಗುವುದರಿಂದ ತಾಯಿಗೆ ಚಳಿಯಾಗುತ್ತಿದೆ ಎಂದೇ ಅನ್ನಿಸುವುದಿಲ್ಲ, ಒಳಮೈ ಮಾತ್ರ ಇಳಿಯುತ್ತಿರುತ್ತದೆ. ಕೇಳಿದರೆ ‘ಏನಿಲ್ಲ ಡಾಕ್ಟ್ರೇ, ಬೆಚ್ಚಗಿದೆ’ ಎನ್ನುತ್ತಾಳೆ. ಆಕೆಯ ಹಣೆಗೆ ಒಂದು ಪಟ್ಟಿ ಅಂಟಿಸಿದ್ದರೆ ಮಾನಿಟರ್ ಬೇರೆಯೇ ಹೇಳುತ್ತಿತ್ತು. ಬಿಸಿಗಾಳಿ ಊದುವ ಹೊದಿಕೆಯನ್ನು ಮೊದಲೇ ಹಾಕಬಹುದಿತ್ತು, ಮೈಗೆ ಏರಿಸುವ ಸಲೈನನ್ನು ಬೆಚ್ಚಗೆ ಮಾಡಬಹುದಿತ್ತು. ಹೊರಗಿನಿಂದ ಅಳೆಯುವ ಈ ವಿದ್ಯೆ ನಿಜವಾಗಿ ಸೇರಬೇಕಾದ ಜಾಗ ಇದೇ ಎಂದು ನನ್ನ ದೃಢವಾದ ನಂಬಿಕೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ, ಶಸ್ತ್ರಚಿಕಿತ್ಸೆಯಲ್ಲಿ ಮೈ ತಣ್ಣಗಾಗದಂತೆ ನೋಡಿಕೊಳ್ಳುವ ಮಾರ್ಗಸೂಚಿಯನ್ನು 2016ರಲ್ಲಿ ತಿದ್ದಿದಾಗ ಒಪ್ಪಬಹುದಾದ ಕ್ರಮಗಳ ಸಾಲಿಗೆ ಹಣೆಯ ಈ ಸೊನ್ನೆ-ಹರಿವಿನ ಅಳತೆಯನ್ನೂ ಸೇರಿಸಿತು. ಹಣೆಗೆ, ಕಿವಿಗೆ ಹಿಡಿಯುವ ಅವಕೆಂಪು ಥರ್ಮಾಮೀಟರುಗಳನ್ನು ಶಸ್ತ್ರಚಿಕಿತ್ಸೆಗೆ ಬಳಸಬೇಡಿ ಎಂದಿತು.

ತೊಡಕಿರುವುದು ದುಡ್ಡಿನಲ್ಲಿ. ಪಟ್ಟಿ ಒಬ್ಬ ರೋಗಿಗೆ ಒಂದೇ ಸಲ, ಆಮೇಲೆ ಕಸಕ್ಕೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಅಂಥ ಪಟ್ಟಿಗಳನ್ನು ಹೊರದೇಶದಿಂದ ತರಿಸಿ ಪೂರೈಸಬೇಕೆಂದರೆ ಯಾವ ಅಧಿಕಾರಿಯಾದರೂ ಹಿಂದೆಮುಂದೆ ನೋಡುತ್ತಾರೆ. ಆದರೆ ಫಾಕ್ಸ್ ಮತ್ತು ಸೋಲ್ಮನ್ ಅವರ ತತ್ವ ಪ್ರಕಟವಾಗಿ ಅರ್ಧ ಶತಮಾನ ದಾಟಿದೆ, ಅದು ಎಲ್ಲರ ಸೊತ್ತು. ಎರಡು ತಾಪಸಂವೇದಕ, ಒಂದು ಹೀಟರ್, ಅವನ್ನು ಹತೋಟಿಯಲ್ಲಿಡುವ ಸಣ್ಣ ಸರ್ಕ್ಯೂಟ್. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಬಯೋಮೆಡಿಕಲ್ ವಿಭಾಗಗಳು ಕೈಹಾಕಬಹುದಾದ ಕೆಲಸ. ಸುಲಭ ಎನ್ನಲಾರೆ. ಸಂವೇದಕ ಡಿಗ್ರಿಯ ಹತ್ತನೇ ಒಂದು ಪಾಲಿನವರೆಗೆ ನಂಬುವಂತಿರಬೇಕು. ಸರ್ಕ್ಯೂಟ್ ಕೆಟ್ಟರೂ ಹೀಟರ್ ಹಣೆಯ ಚರ್ಮ ಸುಡದಂತೆ ತಾನಾಗಿ ಆರಬೇಕು. ಮತ್ತೆ ಮತ್ತೆ ಬಳಸುವ ಭಾಗಕ್ಕೂ ಚರ್ಮಕ್ಕೂ ನಡುವೆ ಎಸೆಯಬಹುದಾದ ತೆಳ್ಳನೆಯ ಅಗ್ಗದ ಪದರವೊಂದು ಬೇಕು, ಅದು ಶಾಖವನ್ನು ತಡೆಯಬಾರದು. ನಂತರ ಪೂರ್ತಿ ಅರಿವಳಿಕೆಯಲ್ಲಿರುವ ರೋಗಿಗಳಲ್ಲಿ ಅನ್ನನಾಳದ ಪ್ರೋಬ್ ಜೊತೆ ಹೋಲಿಸಿ, ಅರ್ಧ ಡಿಗ್ರಿಯೊಳಗೆ ಕೂರುತ್ತದೆಂದು ತೋರಿಸಿ, ಪರವಾನಗಿ ಪಡೆದು, ಆಮೇಲಷ್ಟೆ ಸಿಸೇರಿಯನ್ ಟೇಬಲ್ಲಿಗೆ ತರಬೇಕು.